ಬ್ಯಾರೊನೆಟ್ಟರ ದತ್ತಕ ಮಗ

ಸ್ಯಾಂಟಾ ಕ್ಲಾರಿಟಾದ ಮುದುಕರು ಮೊದಲ ಸಲ ಫೋನ್ ಮಾಡಿದಾಗ ನಾನು ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬಾಡಿನ ನಮ್ಮ ಮನೆಯ ಗ್ಯಾರೇಜಿನಲ್ಲಿದ್ದೆ. ಕೋವಿಡ್‌ನ ಎರಡನೇ ವರ್ಷ. ಒಳಗೆ ಮಗಳ ಆನ್‌ಲೈನ್ ಕ್ಲಾಸು, ಗಂಡನ ಮೀಟಿಂಗು, ನಮ್ಮತ್ತೆಯ ಧಾರಾವಾಹಿ ಮೂರೂ ಒಟ್ಟಿಗೆ ನಡೆಯುತ್ತಿದ್ದುದರಿಂದ ವಾಷಿಂಗ್ ಮಷೀನಿನ ಪಕ್ಕ ಒಂದು ಮೇಜು ಹಾಕಿಕೊಂಡು ಅದನ್ನೇ ಆಫೀಸು ಮಾಡಿಕೊಂಡಿದ್ದೆ. ಮುದುಕರು ತಮ್ಮ ಹೆಸರು ಹೇಳಿ, "ನಾನೊಬ್ಬ ಬ್ಯಾರೊನೆಟ್ ಇರಬಹುದು ಅನ್ನಿಸುತ್ತೆ. ನೋಡಿ ಹೇಳ್ತೀರಾ?" ಎಂದು ಕೇಳಿದರು. ಹಲ್ಲು ಹುಳುಕಾಗಿರಬಹುದು, ನೋಡಿ ಹೇಳ್ತೀರಾ ಎನ್ನುವ ಧಾಟಿಯಿತ್ತು. ಅವರು ಆಡಿದ್ದೆಲ್ಲ ಇಂಗ್ಲಿಷು. ಇಲ್ಲಿ ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಬೇರೆಯವರ ವಂಶಾವಳಿ ಹುಡುಕಿಕೊಡುವುದು ನಮ್ಮ ಕಸುಬು. ಲಾಂಗ್ ಬೀಚಿನಲ್ಲಿ ಒಂದು ಕೋಣೆಯ ಆಫೀಸು, ಅದರಲ್ಲಿ ನಾನು ಮತ್ತು ನಮ್ಮ ಬಾಸು, ಇಬ್ಬರೇ. ಬಾಸು ಬೆಂಗಳೂರಿನವರು. ಸ್ಯಾನ್ ಡಿಯಾಗೊದಲ್ಲಿ ಟೆಲಿಕಾಂ ಎಂಜಿನಿಯರ್ ಆಗಿದ್ದವರು ಹೆಂಡತಿಯ ಬೈಗುಳಕ್ಕೂ ಜಗ್ಗದೆ ಈ ಹುಚ್ಚಿಗೆ ಬಿದ್ದಿದ್ದರು. ಬ್ರಿಟನ್ನಿನಲ್ಲಿ ತಂದೆಯಿಂದ ಮಗನಿಗೆ ಇಳಿದು ಬರುವ ಬಿರುದುಗಳಲ್ಲಿ ಬ್ಯಾರೊನೆಟ್ ಎನ್ನುವುದು ಕೆಳಗಿನ ಮೆಟ್ಟಿಲಿನದು. ಹೆಸರಿನ ಮೊದಲು 'ಸರ್' ಎಂದು ಸೇರಿಸಿಕೊಳ್ಳಬಹುದು, ಅಷ್ಟೇ. ಅದರ ಜೊತೆ ಜಮೀನಿಲ್ಲ, ಬಂಗಲೆಯಿಲ್ಲ, ಪಿಂಚಣಿಯಿಲ್ಲ. ಅಮೆರಿಕದಲ್ಲಿ ಹುಟ್ಟಿದವನಾದರೂ ರಕ್ತಸಂಬಂಧ ಸರಿಯಿದ್ದರೆ ಬರುತ್ತದೆ. ಬಾಸಿಗೆ ಹೇಳಿದಾಗ ಅವರು ನಕ್ಕರು. "ಇದಕ್ಕೆ ಇಷ್ಟು ಒದ್ದಾಡ್ಬೇಕಾ ಮೇಡಂ? ಬೆಂಗ್ಳೂರಿಗೆ ಹೋದ್ರೆ ಇಳಿದ ತಕ್ಷಣ ಆಟೋದವ್ನೇ ಸರ್ ಅಂತಾನೆ."

"ಹಂಗಂದ್ರ ಅವರನ್ನ ಬೆಂಗಳೂರಿಗೆ ಕಳಸೂಣೇನ್ರಿ ಸರ್?" ಎಂದೆ. ಕೇಸು ಒಪ್ಪಿಕೊಂಡೆವು.

ಹಿನ್ನೆಲೆ ಇಷ್ಟು. ಇಂಗ್ಲೆಂಡಿನಲ್ಲಿದ್ದ ಕೊನೆಯ ಬ್ಯಾರೊನೆಟ್ ಮದುವೆಯಾಗದೆ ತೀರಿಕೊಂಡಿದ್ದರು. ಕೆಲವು ತಲೆಮಾರುಗಳ ಹಿಂದೆ ಆ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು. ಹಿರಿಯವನ ವಂಶ ಈ ಸಾವಿನೊಂದಿಗೆ ಮುಗಿಯಿತು. ಉಳಿದ ಇಬ್ಬರೂ ನಿಂಬೆ ತೋಟ ಮಾಡುತ್ತೇವೆಂದು ಸ್ಯಾನ್ ಡಿಯಾಗೊ ಕಡೆಗೆ ಹಡಗು ಹತ್ತಿ ಬಂದವರು. ಅವರಲ್ಲಿ ಕಿರಿಯವನು ನಮ್ಮ ಮುದುಕರ ಮುತ್ತಜ್ಜ. ನಡುವಿನವನ ಕಡೆ ಏನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ.

ಲಂಡನ್ನಿನಲ್ಲಿ ಬ್ಯಾರೊನೆಟ್ಟರ ಪಟ್ಟಿ ಇಡುವ ಒಂದು ಕಚೇರಿಯಿದೆ. ಅಲ್ಲಿ ಹೆಸರು ಸೇರಬೇಕಾದರೆ ಎರಡು ವಿಷಯ ಸಾಬೀತಾಗಬೇಕು. ಅರ್ಜಿದಾರನಿಂದ ಮೇಲಕ್ಕೆ ಪ್ರತಿ ತಲೆಮಾರಿಗೂ ಜನನದ ದಾಖಲೆ, ಅದಕ್ಕಿಂತ ಮುಂಚೆ ತಂದೆತಾಯಿಯ ಮದುವೆ ಆಗಿತ್ತೆನ್ನುವ ದಾಖಲೆ, ಇದು ಮೊದಲನೆಯದು. ಅದು ಹೇಗೋ ಸಿಗುತ್ತದೆ. ಸರತಿಯಲ್ಲಿ ಅವನಿಗಿಂತ ಮುಂದೆ ನಿಂತಿದ್ದ ಗಂಡಸರೆಲ್ಲ ಗಂಡು ಮಕ್ಕಳಿಲ್ಲದೆ ಸತ್ತಿದ್ದಾರೆಂದು ತೋರಿಸಬೇಕು, ಇದು ಎರಡನೆಯದು. ನಮ್ಮ ಬೆವರು ಇಳಿಯುವುದು ಇಲ್ಲಿ. ಒಬ್ಬ ಮನುಷ್ಯ ಇದ್ದ ಎಂದು ತೋರಿಸಲು ಒಂದು ಕಾಗದ ಸಾಕು, ಅವನಿಗೆ ಮಗನಿರಲಿಲ್ಲ ಎಂದು ತೋರಿಸಲು ಎಷ್ಟಿದ್ದರೂ ಸಾಲದು.

ಬಾಸಿಗೆ ಕಾಗದವೇ ಎಲ್ಲ. ದಾಖಲೆ ಸಿಕ್ಕ ಹೆಸರಿಗೆ ಹಸಿರು, ಸಿಗದ ಹೆಸರಿಗೆ ಕೆಂಪು ಬಣ್ಣ ಹಚ್ಚಿ ಕಂಪ್ಯೂಟರಿನಲ್ಲಿ ನೋಡುತ್ತಾ ಕೂಡುತ್ತಾರೆ. ನಾನು ಬಾಗಲಕೋಟೆ ಕಡೆಯವಳು. ನಮ್ಮ ಕಡೆ ಮನೆತನದ ಹಿರೀಕರ ಹೆಸರು ಹೇಳಲಿಕ್ಕೆಂದೇ ಹೆಳವರು ಎತ್ತಿನ ಮೇಲೆ ಕೂತು ಊರೂರಿಗೆ ಬರುತ್ತಿದ್ದರು. ಹೀಗಾಗಿ ನನಗೆ ಬಾಯಿ ಮೊದಲು, ಕಾಗದ ಆಮೇಲೆ. ಯಾರ ಮದುವೆಗೆ ಯಾರು ಹೋಗಿದ್ದರು, ಯಾರು ಯಾರ ಮಣ್ಣಿಗೆ ಬರಲಿಲ್ಲ, ಯಾವ ಮನೆಯ ಜೊತೆ ಮಾತು ಬಿಟ್ಟಿತ್ತು, ಇವನ್ನು ಕೇಳಿಕೊಂಡೇ ನಾನು ಕಾಗದಕ್ಕೆ ಕೈಹಾಕುವುದು.

ಅದಕ್ಕೇ ಮಾಸ್ಕ್ ಕಟ್ಟಿಕೊಂಡು ಸ್ಯಾಂಟಾ ಕ್ಲಾರಿಟಾಕ್ಕೆ ಡ್ರೈವ್ ಮಾಡಿಕೊಂಡು ಹೋದೆ. ಮುದುಕರು ಹಿತ್ತಲಲ್ಲಿ ಎರಡು ಕುರ್ಚಿಗಳನ್ನು ದೂರದೂರ ಹಾಕಿ ಕಾಯುತ್ತಿದ್ದರು. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಜೊತೆಯಲ್ಲಿ ನಡುವಯಸ್ಸಿನ ಮಗ. ಶಾಲಾ ಬಸ್ಸುಗಳ ಮೆಕ್ಯಾನಿಕ್, ಮಾತು ಕಡಿಮೆ. ನನಗೆ ನೀರಿನ ಬಾಟಲಿ ತಂದುಕೊಟ್ಟು ಒಳಗೆ ಹೋದ.

"ನಿಮಗೆ ಈ ಬಿರುದು ಯಾಕೆ ಬೇಕು?" ಎಂದು ಕೇಳಿದೆ. ಇದು ನನ್ನ ಮೊದಲ ಪ್ರಶ್ನೆ, ಎಲ್ಲರಿಗೂ ಕೇಳುತ್ತೇನೆ.

ಮುದುಕರು ಒಳಗಿನಿಂದ ಒಂದು ಫೋಟೋ ಆಲ್ಬಂ ತರಿಸಿದರು. ಸ್ಯಾನ್ ಡಿಯಾಗೊದಲ್ಲಿ ಅವರ ಚಿಕ್ಕಪ್ಪನ ಮಗನ ಮನೆಯಿದೆ, ಮುಂದೆ ದೊಡ್ಡ ಹುಲ್ಲುಹಾಸು. ಪ್ರತಿ ಬೇಸಿಗೆಯಲ್ಲೂ ಕುಟುಂಬದವರೆಲ್ಲ ಅಲ್ಲಿ ಸೇರಿ ಗ್ರೂಪ್ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಪುಟ ಪುಟಕ್ಕೂ ಅದೇ ಜನ, ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಾ ಹೋದವರು. "ನನ್ನ ಮಗ ಎಲ್ಲಿದ್ದಾನೆ ಹೇಳಿ ನೋಡೋಣ" ಎಂದರು. ನನಗೆ ಕಾಣಲಿಲ್ಲ. "ಯಾವುದರಲ್ಲೂ ಇಲ್ಲ. ಅವನು ಚಿಕ್ಕವನಿದ್ದಾಗಿನಿಂದ ಫೋಟೋ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಅವನ ಕೈಗೇ ಕೊಡ್ತಿದ್ರು. ನೀನು ಚೆನ್ನಾಗಿ ತೆಗೀತೀಯ ಅಂತ."

ಆಮೇಲೆ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು. "ಆಸ್ಪತ್ರೆಯಿಂದ ನೇರ ಮನೆಗೆ ಕರ್ಕೊಂಡು ಬಂದ್ವಿ. ಹೆತ್ತ ಹುಡುಗಿ ನನ್ನ ಹೆಂಡತಿಯ ಕೈಗೇ ಕೊಟ್ಟಳು. ನನ್ನ ಮುತ್ತಜ್ಜನ ಹೆಸರೇ ಇಟ್ವಿ. ನನಗೆ ಸರ್ ಅನ್ನಿಸಿಕೊಂಡು ಏನಾಗಬೇಕು? ನಾನು ಇನ್ನೆಷ್ಟು ದಿನ ಇರ್ತೀನಿ? ನನ್ನ ನಂತರ ಅವನಿಗೆ ಹೋಗುತ್ತಲ್ಲ, ಅದು ನನಗೆ ಬೇಕು. ಆ ಹುಲ್ಲುಹಾಸಿನ ಮೇಲೆ ನಿಂತವರೆಲ್ಲ ಅವನನ್ನ ಸರ್ ಅನ್ನಬೇಕು."

ನಾನು ಎಲ್ಲ ಬರೆದುಕೊಂಡೆ. ಬರೆದುಕೊಳ್ಳುವಾಗ ನನ್ನ ಪೆನ್ನು ಎಲ್ಲಿಯೂ ನಿಲ್ಲಲಿಲ್ಲ. ನನ್ನ ಮಾವನವರು ದತ್ತಕ ಬಂದವರು. ನಾನು ಮದುವೆಯಾಗಿ ಹೋದ ದೇಸಾಯರ ಮನೆಯಲ್ಲಿ ಮೂರು ತಲೆಮಾರು ದತ್ತಕದಿಂದಲೇ ನಡೆದಿದೆ. ದತ್ತಕ ತೆಗೆದುಕೊಂಡ ಮೇಲೆ ಮನೆ, ಹೊಲ, ದೇವರು, ದೇಸಾಯಿ ಪದವಿಯಾದ ದೇಸಗತಿ ಎಲ್ಲವೂ ಅವನದೇ. ಆಫೀಸಿನಲ್ಲಿ ಬಾಸಿಗೂ ಮಾತಿನ ನಡುವೆ ಹೇಳಿದೆ. "ಓ, ಅಡಾಪ್ಟೆಡ್ಡಾ?" ಎಂದು ಮುಂದಿನ ಕೆಲಸಕ್ಕೆ ಹೋದರು. ನಮ್ಮಿಬ್ಬರಲ್ಲಿ ಒಬ್ಬರಿಗೂ ಏನೂ ಹೊಳೆಯಲಿಲ್ಲ. ಮೊದಲ ಕರಡು ವಂಶವೃಕ್ಷದಲ್ಲಿ ಮುದುಕರ ಕೆಳಗೆ ಮಗನ ಹೆಸರು ಬರೆದು, ಪಕ್ಕದಲ್ಲಿ 'ಉತ್ತರಾಧಿಕಾರಿ' ಎಂದು ಸೇರಿಸಿ ಅವರಿಗೆ ಕಳಿಸಿಬಿಟ್ಟೆ.

ಮುಂದಿನ ತಿಂಗಳುಗಳೆಲ್ಲ ನಡುವಿನವನ ಬೆನ್ನು ಹತ್ತುವುದರಲ್ಲೇ ಹೋದವು. ಅವನ ಮನೆಯಲ್ಲಿ ಒಬ್ಬ ಗಂಡು ಹುಡುಗನಿದ್ದನೆಂದು ಹಳೆಯ ಜನಗಣತಿ ಹೇಳುತ್ತಿತ್ತು. ಮುಂದಿನ ಗಣತಿಯಲ್ಲಿ ಹುಡುಗ ಮಾಯ. ಅವನು ಬದುಕಿ ಮದುವೆಯಾಗಿ ಮಕ್ಕಳನ್ನು ಪಡೆದಿದ್ದರೆ ನಮ್ಮ ಮುದುಕರ ಸರತಿ ಅಲ್ಲಿಗೇ ಮುಗಿಯಿತು. ಸರಕಾರಿ ಕಚೇರಿಗಳು ಕೋವಿಡ್‌ನಿಂದಾಗಿ ಅರ್ಧ ಬಾಗಿಲು ತೆರೆದಿದ್ದವು. ಅಪಾಯಿಂಟ್‌ಮೆಂಟ್ ಸಿಕ್ಕರೆ ಗುಮಾಸ್ತ ಇಲ್ಲ, ಗುಮಾಸ್ತ ಇದ್ದರೆ ಮೈಕ್ರೋಫಿಲ್ಮ್ ಯಂತ್ರ ಕೆಟ್ಟಿದೆ. ಸ್ಯಾನ್ ಡಿಯಾಗೊ ಸುತ್ತಮುತ್ತಲ ಸ್ಮಶಾನಗಳನ್ನೆಲ್ಲ ಸುತ್ತಿದೆ. ಮನೆಗೆ ಬಂದರೆ ನಮ್ಮತ್ತೆ, "ಬಾಗಲದಾಗ ನಿಂದರು, ಮೊದಲ ಕಾಲಿಗೆ ನೀರ ಹಾಕ್ಕೊ. ದಿನಾ ಮಸಣಕ್ಕ ಹೋಗಿ ಬರಾಕತ್ತಿ" ಎಂದು ಗದರುತ್ತಿದ್ದರು.

ಕೊನೆಗೆ ದಾರಿ ತೋರಿಸಿದ್ದು ಮುದುಕರು ಹಿತ್ತಲಲ್ಲಿ ಹೇಳಿದ್ದ ಒಂದು ಮಾತು. ನಡುವಿನವನ ಮನೆಯಲ್ಲಿ ಅಪ್ಪ-ಮಗನಿಗೆ ಆಗಿಬರುತ್ತಿರಲಿಲ್ಲ, ಹುಡುಗ ಹಡಗು ನೋಡಿದರೆ ಊಟ ಬಿಡುತ್ತಿದ್ದ ಎಂದು ತಮ್ಮ ಅಜ್ಜ ಹೇಳುತ್ತಿದ್ದರಂತೆ. ಹಡಗೆಂದರೆ ಬಂದರು. ಲಾಂಗ್ ಬೀಚಿನ ಹಳೆಯ ಸ್ಮಶಾನದ ದಾಖಲೆಯಲ್ಲಿ ಹುಡುಗ ಸಿಕ್ಕಿದ. ಮನೆ ಬಿಟ್ಟು ಓಡಿಬಂದು ಬಂದರಿನಲ್ಲಿ ಮೂಟೆ ಹೊರುತ್ತಿದ್ದವನು, ಮೊದಲ ಮಹಾಯುದ್ಧದ ಕಾಲದ ಜ್ವರದಲ್ಲಿ ಸತ್ತಿದ್ದ. ಮರಣಪತ್ರದಲ್ಲಿ 'ಅವಿವಾಹಿತ' ಎಂದಿತ್ತು. ಅವನ ಗೋರಿಗೂ ನಮ್ಮ ಆಫೀಸಿಗೂ ಹತ್ತು ನಿಮಿಷದ ದಾರಿ. ಅವನು ಸಿಕ್ಕಿದ್ದಕ್ಕೆ ನನಗೆ ಖುಷಿಯಾಯಿತು, ಮದುವೆಯಾಗದೆ ಸತ್ತಿದ್ದಕ್ಕೆ ಇನ್ನೂ ಖುಷಿಯಾಯಿತು. ನಮ್ಮ ಕಸುಬು ಹೀಗೆಯೇ, ಮನಸ್ಸಿಗೆ ಒಳ್ಳೆಯದಲ್ಲ.

ಅಷ್ಟರಲ್ಲಿ ಇನ್ನೊಂದು ತೊಡಕು. ಕ್ಯಾಲಿಫೋರ್ನಿಯಾದಲ್ಲಿ ಯಾರು ಬೇಕಾದರೂ ಅಪ್ಲೈ ಮಾಡಿ ಪಡೆಯುವ ಜನನಪತ್ರದ ಮೇಲೆ 'ಮಾಹಿತಿಗಾಗಿ ಮಾತ್ರ' ಎಂದು ಅಚ್ಚಾಗಿರುತ್ತದೆ. ಲಂಡನ್ನಿನವರು ಅದನ್ನು ಒಪ್ಪಲಿಲ್ಲ. ಸಂಬಂಧಿಕರೇ ನೋಟರಿಯ ಮುಂದೆ ಸಹಿ ಹಾಕಿ ತರಿಸಿಕೊಂಡ ಪ್ರತಿ ಬೇಕೆಂದರು. ಮುದುಕರು ತಮ್ಮದು, ತಂದೆಯದು, ಅಜ್ಜನದು ಎಲ್ಲ ಹೊಸದಾಗಿ ತರಿಸಿದರು. ಯಾರೂ ಕೇಳದಿದ್ದರೂ ಮಗನದನ್ನೂ ತರಿಸಿದರು. ಆ ಜನನಪತ್ರದಲ್ಲಿ ತಂದೆ ಮುದುಕರು, ತಾಯಿ ಅವರ ಹೆಂಡತಿ. ಇಲ್ಲಿ ದತ್ತಕವಾದ ಮೇಲೆ ಸರಕಾರ ಹೊಸ ಜನನಪತ್ರ ಬರೆದುಕೊಟ್ಟು ಹಳೆಯದನ್ನು ಕೋರ್ಟಿನ ಬೀಗದೊಳಗೆ ಇಡುತ್ತದೆ. ಹೊಸದನ್ನು ಎಷ್ಟು ತಿರುಗಿಸಿ ನೋಡಿದರೂ ದತ್ತಕದ ಸುಳಿವಿಲ್ಲ. ಬಾಸು ಆ ಹೆಸರಿಗೂ ಹಸಿರು ಹಚ್ಚಿದರು.

ಅರ್ಜಿಯ ಪಕ್ಕಾ ಪ್ರತಿ ಸಿದ್ಧ ಮಾಡಲು ಕೂತ ದಿನ, ಮೊಟ್ಟಮೊದಲ ಬ್ಯಾರೊನೆಟ್ಟನಿಗೆ ರಾಜ ಕೊಟ್ಟ ಸನ್ನದಿನ ಮಾತುಗಳನ್ನು ಅದರಲ್ಲಿ ಉಲ್ಲೇಖಿಸಬೇಕಿತ್ತು. ಈ ಬಿರುದು ಅವನಿಗೂ, ಅವನ ದೇಹದಿಂದ ನ್ಯಾಯಸಮ್ಮತವಾಗಿ ಹುಟ್ಟಿದ ಗಂಡು ಸಂತತಿಗೂ ಸಲ್ಲತಕ್ಕದ್ದು. ಅದನ್ನು ಅದೆಷ್ಟು ಸಲ ಓದಿದ್ದೆನೋ. ಆ ದಿನ ಅಡುಗೆಮನೆಯ ಮೇಜಿನ ಮೇಲೆ ಅತ್ತೆ ಹೀರೇಕಾಯಿ ಹೆಚ್ಚುತ್ತಿದ್ದರು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ನಮ್ಮ ಮನೆಯ ಹಳೆಯ ಕೋರ್ಟು ಕಾಗದಗಳಲ್ಲಿ ಇದಕ್ಕೊಂದು ಶಬ್ದವಿತ್ತಲ್ಲ ಎಂದು ತಲೆಗೆ ಬಂತು. ಔರಸ. ಹೆತ್ತ ಮಗ. ಕೈ ಅಲ್ಲಿಯೇ ನಿಂತಿತು. ಲಂಡನ್ನಿನ ಕಚೇರಿಯ ನಿಯಮಗಳನ್ನು ತೆರೆದು ಹುಡುಕಿದೆ. ದತ್ತಕ ಮಕ್ಕಳಿಗೆ ಬ್ಯಾರೊನೆಟ್ ಬಿರುದು ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಮುದುಕರ ನಂತರ ಅದು ಹೋಗುವುದು ಹುಲ್ಲುಹಾಸಿನ ಮನೆಯ ಚಿಕ್ಕಪ್ಪನ ಮಗನಿಗೆ.

"ಅತ್ತಿ, ಮಾವಾರು ದತ್ತಕ ಬಂದಾರು, ಅವರಿಗೆ ದೇಸಗತಿ ಬರೂದಿಲ್ಲ ಅಂತ ಯಾರರೆ ಅಂದಿದ್ರೇನ್ರಿ?"

"ಯಾಕ ಅಂತಾರ? ಮನಿ ಉಳೀಲಿ ಅಂತ ದತ್ತಕ ತಗೊಂಡದ್ದು."

"ಈ ಮಂದಿ ಒಪ್ಪಂಗಿಲ್ರಿ. ಹೊಟ್ಟೀಲೆ ಹುಟ್ಟಿದಾವ ಬೇಕಂತ. ಆದ್ರ ಇಲ್ಲಿ ಸರಕಾರದಾವ್ರು ಆ ಹುಡಗ ಇವರಿಗೇ ಹುಟ್ಟ್ಯಾನ ಅಂತ ಕಾಗದಾ ಬರಕೊಟ್ಟಾರ. ಹೇಳದಿದ್ರ ಯಾರಿಗೂ ತಿಳಿಯಂಗಿಲ್ಲ."

ಅತ್ತೆ ಚಾಕು ಕೆಳಗಿಟ್ಟರು. "ಹಂಗಾರ ಮುಚ್ಚಿಟ್ಟಾರ? ನಮ್ಮಲ್ಲಿ ಯಾರ ಮುಚ್ಚಿಡ್ತಾರವ್ವಾ! ಊರ ಮಂದಿನ್ನೆಲ್ಲಾ ಕರದು, ತೊಡಿ ಮ್ಯಾಲ ಕುಂದ್ರಿಸ್ಕೊಂಡು, ಸಕ್ಕರಿ ಹಂಚಿ ತಗೊಂಡ್ರು. ಹೆಳವ ಬಂದಾಗ ಅಂಗಳದಾಗ ನಿಂತು ಒದರತಿದ್ದ, ಇಂಥಾ ಮನಿಂದ ಈ ಮನಿಗೆ ದತ್ತಕ ಬಂದ ಮಗಾ ಅಂತ. ನಿಮ್ಮ ಮಾವ ಕೇಳ್ಕೋತ ಮೀಸಿ ತಿರವತಿದ್ರು. ಅದರಾಗ ನಾಚೂದು ಏನೈತಿ?" ಮತ್ತೆ ಚಾಕು ತೆಗೆದುಕೊಂಡು, "ಆದ್ರೂ ಆ ಮಂದೀದು ಅನ್ಯಾಯ ಬಿಡು" ಎಂದರು.

ಮರುದಿನ ಬಾಸಿನ ಜೊತೆ ಜಗಳವೇ ಆಯಿತು.

"ಮೇಡಂ, ಪೇಪರ್ ಕ್ಲೀನ್ ಆಗಿದೆ. ಬರ್ತ್ ಸರ್ಟಿಫಿಕೇಟ್‌ನಲ್ಲಿ ಏನಿದ್ಯೋ ಅದನ್ನ ನಾವು ರಿಪೋರ್ಟ್ ಮಾಡ್ತಾ ಇದೀವಿ. ಸುಳ್ಳೇನ್ ಬರೀತಿಲ್ವಲ್ಲ?"

"ಸರ್, ಮುದುಕರು ನನ್ನ ಮುಂದನ ಹೇಳ್ಯಾರ. ನಾ ಕೇಳೇ ಇಲ್ಲ ಅಂತ ಹೆಂಗ ಸಹಿ ಮಾಡ್ಲಿ?"

"ಅವ್ರಿಗೆ ಖುಷಿ, ಮಗನಿಗೆ ಖುಷಿ. ಯಾರಿಗೆ ನಷ್ಟ ಹೇಳಿ?"

"ನಾಳೆ ಆ ಚಿಕ್ಕಪ್ಪನ ಮಗಾ ಅಡ್ಡ ಬಂದಾ ಅಂದ್ರ? ಇಡೀ ಕುಟುಂಬಕ್ಕ ಗೊತ್ತೈತಿ. ಎಲ್ಲಾರ ಮುಂದ ಆ ಹುಡಗನ್ನ ಸುಳ್ಳಾ ಅಂತ ನಿಂದ್ರಸ್ತಾರ್ರಿ."

ಬಾಸು ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಆ ಹೆಸರಿನ ಹಸಿರನ್ನು ತೆಗೆದರು. "ಸರಿ. ಆದ್ರೆ ನೀವೇ ಹೋಗಿ ಹೇಳಿ. ನನ್ ಕೈಲಾಗಲ್ಲ."

ನನ್ನ ಕೈಲಿಯೂ ಆಗುವ ಕೆಲಸವಾಗಿರಲಿಲ್ಲ. ಮುದುಕರ ಮನೆಯ ಹಾಲಿನಲ್ಲಿ ಕಾಲಿಟ್ಟೊಡನೆ ಕಣ್ಣಿಗೆ ಬಿದ್ದದ್ದು ನಾನು ಕಳಿಸಿದ್ದ ವಂಶವೃಕ್ಷ. ಅದಕ್ಕೆ ಕಟ್ಟು ಹಾಕಿಸಿ ಟಿವಿಯ ಮೇಲೆ ತೂಗುಹಾಕಿದ್ದರು. ಮಗನೂ ಮನೆಯಲ್ಲಿದ್ದ, ಬಸ್ ಡಿಪೋದ ಅಂಗಿಯಲ್ಲೇ ಇದ್ದ. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಬಿಡುವುದು ಸರಿಯಲ್ಲವೆಂದು ಇಬ್ಬರನ್ನೂ ಕೂರಿಸಿಕೊಂಡು, ಸನ್ನದಿನ ಮಾತು ಓದಿ, ನಿಯಮ ಓದಿ, ಚಾರ್ಟಿನಲ್ಲಿ ಬರೆದದ್ದು ತಪ್ಪು ಎಂದೆ.

ಮುದುಕರ ಮುಖ ಕೆಂಪಾಯಿತು. "ಈ ರಾಜ್ಯ ಅವನು ನನ್ನ ಮಗ ಅಂತ ಬರೆದುಕೊಟ್ಟಿದೆ. ಮುದ್ರೆ ಹಾಕಿದೆ. ಸತ್ತು ಇನ್ನೂರು ವರ್ಷ ಆದ ರಾಜ ಯಾರು ಅಲ್ಲ ಅನ್ನೋಕೆ?"

"ಬಿರುದು ಆ ರಾಜ ಕೊಟ್ಟಿದ್ದು" ಎಂದೆ.

"ನನ್ನ ಅರ್ಜಿ ಗೆದ್ದರೆ ನನ್ನ ನಂತರ ಯಾರು?"

ಹೇಳಿದೆ.

"ಅಂದರೆ ನಾನು ಇಷ್ಟೆಲ್ಲ ಮಾಡಿದ್ದು ಅವನಿಗೋಸ್ಕರ" ಎಂದರು. ಎದ್ದು ಹೋಗಿ ಗೋಡೆಯಿಂದ ಕಟ್ಟನ್ನು ಇಳಿಸಿದರು. ಅದನ್ನು ಎಲ್ಲಿಡಬೇಕೆಂದು ತೋಚದೆ ಕೈಯಲ್ಲೇ ಹಿಡಿದುಕೊಂಡು ನಿಂತರು. ಮಗ ಎದ್ದು ಮೆಲ್ಲನೆ ಅದನ್ನು ತೆಗೆದುಕೊಂಡು ಸೋಫಾದ ಹಿಂದೆ ಇಟ್ಟ. ಅರ್ಜಿ ಅಲ್ಲಿಗೇ ನಿಲ್ಲಿಸಿ ಎಂದು ಮುದುಕರು ಹೇಳಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಆ ಒಂದು ಪದ ಬರೆಯದೇ ಇದ್ದಿದ್ದರೆ ಅವರು ಅದನ್ನು ಗೋಡೆಗೆ ಹಾಕುತ್ತಿರಲಿಲ್ಲ.

ಹಿಂದಿನ ತಲೆಮಾರುಗಳ ದಾಖಲೆಗಳಿದ್ದ ಅರ್ಜಿಯ ಮೊದಲ ಭಾಗ ಆಗಲೇ ಲಂಡನ್ನಿಗೆ ಹೋಗಿತ್ತು. ಮುದುಕರು ಸುಮ್ಮನಾದರೂ ಅಲ್ಲಿಯ ಕಚೇರಿ ಸುಮ್ಮನಾಗಲಿಲ್ಲ, ಕೆಲವು ವಾರಗಳ ನಂತರ ಅವರಿಂದ ಇಮೇಲ್ ಬಂತು. ದಾಖಲೆಗಳೆಲ್ಲ ಸರಿಯಿವೆ, ಇನ್ನು ಒಂದೇ ಬಾಕಿ. ಕುಟುಂಬವನ್ನು ಬಹುಕಾಲದಿಂದ ಬಲ್ಲ, ಆದರೆ ಬಿರುದಿನಿಂದ ತನಗೇನೂ ಸಿಗದ ಒಬ್ಬರ ಅಫಿಡವಿಟ್ ಬೇಕು. ಅರ್ಜಿದಾರರು ಇವರೇ ಹೌದು, ಇವರಿಗೆ ಅಣ್ಣಂದಿರು ಯಾರೂ ಇರಲಿಲ್ಲ ಎಂದು ಆ ವ್ಯಕ್ತಿ ಪ್ರಮಾಣ ಮಾಡಬೇಕು. ಅಂಥವರು ಯಾರೂ ಉಳಿದಿರಲಿಲ್ಲ. ಮುದುಕರ ಓರಗೆಯ ಸ್ನೇಹಿತರೆಲ್ಲ ತೀರಿಕೊಂಡಿದ್ದರು, ಒಬ್ಬಿಬ್ಬರನ್ನು ಕೋವಿಡ್ ಕೊಂಡೊಯ್ದಿತ್ತು. ಕುಟುಂಬದ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ಸರತಿಯಲ್ಲಿ ನಿಂತವರು, ಅವರ ಸಾಕ್ಷಿ ನಡೆಯುವುದಿಲ್ಲ, ಅವರ ಮನೆಯ ಹೆಂಗಸರದೂ ಅಷ್ಟೇ. ಹೇಗೂ ನಿಂತ ಕೆಲಸವೆಂದು ಕಡತ ಮುಚ್ಚುವ ಮಾತಾಡುತ್ತಿದ್ದೆವು.

ಆಗ ಮಗ ಫೋನ್ ಮಾಡಿದ. ಹಿಂದೆ ಬಸ್ಸಿನ ಎಂಜಿನ್ನಿನ ಸದ್ದಿತ್ತು.

"ಡ್ಯಾಡ್ ಅರ್ಜಿ ಸತ್ತೇಹೋಯ್ತಾ?"

"ಸತ್ತಿಲ್ಲ, ನಿಂತಿದೆ" ಎಂದೆ. ಇಮೇಲಿನ ವಿಷಯ ಹೇಳಿದೆ.

ಅವನು ಬಸ್ಸಿನ ಎಂಜಿನ್ ನಿಲ್ಲಿಸಿದ. "ಈ ಬಿರುದಿನಿಂದ ನನಗೇನಾದ್ರೂ ಸಿಗುತ್ತಾ?"

"ಇಲ್ಲ."

"ಮುಂದೆ ಯಾವತ್ತಾದ್ರೂ?"

"ಇಲ್ಲ."

"ಹಾಗಾದ್ರೆ ನನ್ನ ಹೆಸರು ಬರ್ಕೊಳ್ಳಿ. ಅವರು ಕೇಳೋ ಸಾಕ್ಷಿ ನಾನೇ."

ನಿಯಮದ ಪ್ರಕಾರ ಅವನು ಹೇಳಿದ್ದು ಸರಿಯಾಗಿತ್ತು. ಅಷ್ಟು ವರ್ಷ ಆ ಮನೆಯಲ್ಲಿ ಬೆಳೆದು, ಮುದುಕರ ತಂದೆಯನ್ನೂ ಕಣ್ಣಾರೆ ಕಂಡು, ಅವರ ಬಾಯಿಂದಲೇ ಮನೆಯ ಕಥೆ ಕೇಳಿ, ಆದರೂ ಸರತಿಯಿಂದ ಪೂರ್ತಿ ಹೊರಗಿದ್ದವನು ಅವನೊಬ್ಬನೇ. 'ಮಗ' ಎಂದು ಬರೆದರೆ ಲಂಡನ್ನಿನವರು ಖಂಡಿತ ಪ್ರಶ್ನೆ ಎತ್ತುತ್ತಾರೆ, ದತ್ತಕದ ಸಂಗತಿ ಬಿಡಿಸಿ ಬರೆಯಬೇಕಾಗುತ್ತದೆ ಎಂದೆ. "ಬರೀರಿ. ಮೊದಲ ಸಾಲಲ್ಲೇ ಬರೀರಿ" ಎಂದ. ಅಪ್ಪನನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದ್ದಕ್ಕೆ, ಅದು ನನಗೆ ಬಿಡಿ ಎಂದ.

ಹೇಗೆ ಒಪ್ಪಿಸಿದ ಎಂಬುದನ್ನು ಮುದುಕರೇ ಆಮೇಲೆ ಹೇಳಿದರು. ನಿನಗೆ ಬರದ ಬಿರುದು ನನಗ್ಯಾಕೆ ಎಂದು ಅವರು ಹಟ ಹಿಡಿದರಂತೆ. ನಮ್ಮಪ್ಪ ಸರ್ ಅಂತ ಬಸ್ ಡಿಪೋದಲ್ಲಿ ಹೇಳಿಕೊಳ್ಳೋಕೆ ನನಗೆ ಬೇಕು ಎಂದನಂತೆ ಮಗ. ಎರಡು ದಿನ ಒಂದೇ ಮನೆಯಲ್ಲಿ ಮಾತು ಬಿಟ್ಟುಕೊಂಡಿದ್ದು, ಮೂರನೆಯ ದಿನ ಮುದುಕರೇ ಸೋತರು.

ಅಫಿಡವಿಟ್ ಬರೆಯಲು ನನಗೆ ಒಂದು ವಾರ ಹಿಡಿಯಿತು. ಸಾಮಾನ್ಯವಾಗಿ ಅರ್ಧ ದಿನದ ಕೆಲಸ. ಪ್ರತಿ ವಾಕ್ಯವನ್ನೂ ಅವನಿಗೆ ಫೋನಿನಲ್ಲಿ ಓದಿ ಹೇಳಿದೆ. ಕೊನೆಯ ವಾಕ್ಯ ಕಚೇರಿಯವರೇ ಕೊಟ್ಟಿದ್ದು, ಅದರಲ್ಲಿ ಒಂದಕ್ಷರವನ್ನೂ ಬದಲಿಸುವಂತಿರಲಿಲ್ಲ. ಓದಲು ನನಗೇ ಹಿಂಸೆಯಾಯಿತು. ಅವನು, "ಸರಿಯಾಗಿದೆ, ಮುಂದೆ?" ಎಂದ.

ನೋಟರಿ ಇದ್ದದ್ದು ಸ್ಯಾಂಟಾ ಕ್ಲಾರಿಟಾದಲ್ಲಿ ಪಾರ್ಸೆಲ್ ಕಳಿಸುವ ಒಂದು ಅಂಗಡಿಯಲ್ಲಿ. ಕೌಂಟರಿನ ಹಿಂದೆ ಒಬ್ಬ ಹೆಂಗಸು, ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ಡ್ರೈವರ್ ಲೈಸೆನ್ಸ್ ನೋಡಿ, ಕಾಗದದ ಮೇಲೆ ಕಣ್ಣಾಡಿಸಿ ಅವಳು ಹುಬ್ಬು ಗಂಟಿಕ್ಕಿದಳು. ಅದರೊಳಗಿನ ವಿಷಯ ಅವಳಿಗೆ ಸಂಬಂಧಿಸಿದ್ದಲ್ಲ, ಆದರೂ ಕೇಳಿಯೇಬಿಟ್ಟಳು. "ಇಲ್ಲಿ ಮಗ ಅಂತ ಇದೆ. ಕೊನೆಗೆ ನನಗೆ ಯಾವ ಹಕ್ಕೂ ಇಲ್ಲ ಅಂತಿದೆ. ಎರಡರಲ್ಲಿ ಯಾವುದು ಸರಿ?"

"ಎರಡೂ ಸರಿ" ಎಂದ ಮಗ.

ಲಂಡನ್ನಿನ ಸೂಚನೆಯಂತೆ ಅವನು ಎಲ್ಲವನ್ನೂ ಗಟ್ಟಿಯಾಗಿ ಓದಿ ಸಹಿ ಹಾಕಬೇಕಿತ್ತು. ಓದಲು ಶುರುಮಾಡಿದ. 'ಅರ್ಜಿದಾರರು ನನ್ನ ತಂದೆ. ಅವರೂ ನನ್ನ ತಾಯಿಯೂ ನಾನು ಹುಟ್ಟಿದ ವಾರದಲ್ಲೇ ನನ್ನನ್ನು ದತ್ತಕ ಮಗನಾಗಿ ಮನೆಗೆ ತಂದರು. ಅಂದಿನಿಂದ ಇಂದಿನವರೆಗೆ ನಾನು ಅವರನ್ನು ಬಲ್ಲೆ.' ಮುದುಕರು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಕೊನೆಯ ವಾಕ್ಯ ಬರುವ ಮೊದಲೇ ಎದ್ದು ಹೊರಗೆ ಹೋಗಿಬಿಟ್ಟರು. 'ಈ ಬಿರುದಿನ ಮೇಲೆ ನನಗೆ ಯಾವ ಹಕ್ಕೂ ಇಲ್ಲ, ಮುಂದೆಯೂ ಬರುವುದಿಲ್ಲ' ಎಂದು ಅವನು ಓದುವಾಗ ಅವರು ಪಾರ್ಕಿಂಗಿನಲ್ಲಿ ನಮಗೆ ಬೆನ್ನು ಮಾಡಿ ನಿಂತಿದ್ದರು. ಇದೆಲ್ಲ ನಿಜವೆಂದು ಪ್ರಮಾಣ ಮಾಡುತ್ತೀರಾ ಎಂದು ನೋಟರಿ ಕೇಳಿದಳು. ಮಾಡುತ್ತೇನೆ ಎಂದು ಸಹಿ ಹಾಕಿದ.

ಆಮೇಲೆ ಮುದುಕರು ಒಳಗೆ ಹೋಗಿ ತಮ್ಮ ಕಾಗದಕ್ಕೆ ಸಹಿ ಹಾಕುವಾಗ ನಾವಿಬ್ಬರೂ ಹೊರಗೆ ನಿಂತಿದ್ದೆವು. ಮಗ ಗಾಜಿನೊಳಗಿಂದ ಅಪ್ಪನನ್ನು ನೋಡುತ್ತಿದ್ದ. "ಶಾಲೆಯಲ್ಲಿ ನಿನ್ನ ನಿಜವಾದ ಅಪ್ಪ ಯಾರು ಅಂತ ಕೇಳೋರು" ಎಂದ. "ನಾನು ಜಗಳ ಆಡ್ತಿದ್ದೆ. ಇಷ್ಟು ವರ್ಷಕ್ಕೆ ಇವತ್ತು ಪ್ರಮಾಣ ಮಾಡಿ ಹೇಳಿದೆ." ನಾನು ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡೆ.

ಲಂಡನ್ನಿನವರು ಊಹಿಸಿದಂತೆಯೇ ಒಂದು ಪ್ರಶ್ನೆ ಕಳಿಸಿದರು, ಉತ್ತರ ಕೊಟ್ಟೆವು. ಹಲವು ತಿಂಗಳಾದ ಮೇಲೆ ಮುದುಕರ ಹೆಸರು ಪಟ್ಟಿಗೆ ಸೇರಿತು. ಅದರ ಕೆಳಗೆ ಮುಂದಿನ ಹಕ್ಕುದಾರನೆಂದು ಚಿಕ್ಕಪ್ಪನ ಮಗನ ಹೆಸರು. ಬಾಸು ಫೋನಿನ ಸ್ಪೀಕರ್ ಹಾಕಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, "ಕಂಗ್ರಾಜುಲೇಷನ್ಸ್, ಸರ್" ಎಂದರು. ಈ ಸಲ ತಮಾಷೆ ಮಾಡಲಿಲ್ಲ.

ಮುದುಕರು ಥ್ಯಾಂಕ್ಸ್ ಹೇಳಿದರು. ತಮ್ಮ ಹೆಸರನ್ನು ಹೇಗೆ ಬರೆದಿದ್ದಾರೆ, ಕೆಳಗೆ ಯಾರ ಹೆಸರಿದೆ ಎಂದು ಕೇಳಲೇ ಇಲ್ಲ.

"ನನ್ನ ಮಗ ಬರೆದುಕೊಟ್ಟಿದ್ದನ್ನ ವಾಪಸು ಕಳಿಸ್ತಾರಾ?" ಎಂದು ಕೇಳಿದರು.

"ಇಲ್ಲ" ಎಂದೆ. "ಅದು ನಿಮ್ಮ ಮನೆತನದ ಕಡತದಲ್ಲೇ ಇರುತ್ತೆ. ಮೊದಲ ಬ್ಯಾರೊನೆಟ್ಟನ ಸನ್ನದಿನ ಪ್ರತಿಯೂ ಅದರಲ್ಲೇ ಇದೆ."

"ಎಷ್ಟು ದಿನ ಇಟ್ಟಿರ್ತಾರೆ?"

"ತೆಗೆಯೋದೇ ಇಲ್ಲ. ಮುಂದೆ ಯಾರೇ ಈ ಬಿರುದು ಕೇಳಿಕೊಂಡು ಬಂದರೂ ಮೊದಲು ಅದನ್ನ ಓದಬೇಕು."

ಮುದುಕರು ಫೋನಿನಿಂದ ಬಾಯಿ ತಿರುಗಿಸಿ, ಮಗನನ್ನು ಹೆಸರು ಹಿಡಿದು ಕೂಗಿ, "ಬಾ ಇಲ್ಲಿ, ಈ ಸಲ ನೀನೂ ಒಳಗೆ ಸೇರಿದೆ ಕಣೋ" ಎಂದರು.